ಹೊರಸಿನ ಪುನರ್ಜನ್ಮ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡಗಳೂ ಗುಲಬರ್ಗೆಯ ತಾಂಡೂರೂ ಆಚೆಯ ರಾಜ್ಯಕ್ಕೆ ಸರಿದುಹೋದುವಾದರೂ, ಅಲ್ಲಿಯ ಕನ್ನಡ ಮನೆಗಳ ಅಂಗಳದ ಹೊರಸು ಮಾತ್ರ ಯಾವ ಆಯೋಗದ ವರದಿಗೂ ಕಿವಿಗೊಡದೆ ಇದ್ದಲ್ಲಿಯೇ ನಾಲ್ಕು ಕಾಲೂರಿ ನಿಂತಿತು. ತಾಂಡೂರಿನ ಹಾಸುಗಲ್ಲು ಬೇಸಗೆಯಲ್ಲಿ ಅಮೃತಪ್ರಾಯವೇ ಸರಿ. ಆದರೆ ಮಾರ್ಗಶಿರದ ಇರುಳಿನಲ್ಲಿ ಅದರ ಮೇಲೆ ಚಾಪೆ ಹಾಸಿ ಮಲಗಿದವನು ಬ್ರಾಹ್ಮೀಮುಹೂರ್ತಕ್ಕೆ ಏಳುವುದು ಭಕ್ತಿಯಿಂದಲ್ಲ, ಬೆನ್ನು ಸೆಟೆದು.

ಆದಕಾರಣ ನಾವು ಅಜ್ಜನ ಕಾಲದ ಹೊರಸನ್ನು ಅಟ್ಟದಿಂದಿಳಿಸಿ, ತಗಣಿಗಳಿಗೆ ಕುದಿನೀರಿನ ತರ್ಪಣವಿತ್ತು, ಮೇಲೆ ಕೌದಿ, ಒರಗುದಿಂಬು, ಪಕ್ಕದಲ್ಲಿ ಓದುವ ದೀಪಗಳನ್ನು ಅಣಿಗೊಳಿಸಿ, ಪಡಸಾಲೆಯಲ್ಲಿ ಅದಕ್ಕೆ ಸೋಫಾ ಪದವಿಯನ್ನು ದಯಪಾಲಿಸಿದೆವು. ನೋಡಲು ಬಂದ ಕಾಕಾ ಅಲಂಕಾರವನ್ನೆಲ್ಲ ಉಪೇಕ್ಷಿಸಿ, ನೇರವಾಗಿ ಕಾಲ್ದೆಸೆಗೆ ಬಗ್ಗಿ, ಸಡಿಲಾದ ಹಗ್ಗವನ್ನು ಬೆರಳಿನಿಂದ ಮೀಟಿ, “ಏ ತಮ್ಮಾ, ಇದನ್ನ ಜಗ್ಗಿ ಕಟ್ಟದಿದ್ರ ಮಂದಿ ಎಲ್ಲಾ ನಡುವಿನ ಕುಣ್ಯಾಗ ಬೀಳ್ತಾರ ನೋಡು” ಎಂದು, ಚೌಕಟ್ಟಿಗೆ ಪಾದವನ್ನೊತ್ತಿ, ಒಂದೊಂದೇ ಸುತ್ತನ್ನು ಎಳೆದೆಳೆದು ಬಿಗಿದರು. ಬಿಗಿದ ಮೇಲೆ ತಾವೇ ಮಲಗಿದರು. ಊಟಕ್ಕೆ ಕರೆದರೂ ಏಳಲಿಲ್ಲ.

ಹೊಸದಾಗಿ ಹೆಣೆಯಿಸುವವರಿಗೆ ಒಂದು ವಿಜ್ಞಾಪನೆ: ನೈಲಾನ್ ಪಟ್ಟಿಯ ಥಳಕಿಗೆ ಮರುಳಾಗಬೇಡಿರಿ, ಅದರ ಮೇಲೆ ಕೌದಿ ನಿಲ್ಲದು, ಪುಂಡಿನಾರಿನ ಹಗ್ಗವನ್ನೇ ಬಳಸಿರಿ.