ಒಂಟಿ ತಾಳ

ಭಜನೆ ಮನೆ ಹಾರ್ಮೋನಿಯಂ ವಾಪಸ್ ಬಂತು ಕಣಕ್ಕ. ಬಂತೇನೋ ಸರಿ, ಈಗ ಅದರ ಬಾಯಿ ಮುಚ್ಚಿಸೋದೇ ಕಷ್ಟ. ಕುರುಕ್ಷೇತ್ರ ನಾಟಕದ ಪ್ರಾಕ್ಟೀಸಿಗೆ ಅಂತ ತಿಂಗಳ ಬಾಡಿಗೆಗೆ ಒಯ್ದಿದ್ದರಲ್ಲ, ಕರಿ ಎರಡು ಒತ್ತಿ ಕೈ ತೆಗೆದರೂ ಕೂಗ್ತಾನೇ ಇರುತ್ತೆ, ತೊಡೆ ಮುರಿದ ದುರ್ಯೋಧನನ ಹಾಗೆ. ಕೇಳಿದರೆ, ‘ಕೊಟ್ಟಾಗಲೇ ಹಂಗಿತ್ತು ಕಣಣ್ಣ’ ಅಂತಾರೆ. ನಮ್ಮ ಬೇಗೂರಲ್ಲಿ ಬಾಡಿಗೆ ಸಾಮಾನನ್ನ ಯಾರೂ ಮುರಿಯೋದಿಲ್ಲ, ಅದೇ ಮುರ್ಕೊಳ್ಳುತ್ತೆ. ಅಲ್ವಾ?

ಬಿಚ್ಚಿ ನೋಡಿದೆವು. ಕರಿ ಎರಡರ ಅಡಿಗೆ ಅರ್ಧ ಕಡ್ಲೆಕಾಯಿ ಸಿಪ್ಪೆ. ಅದು ಸಿಕ್ಕಿಕೊಂಡು ಗಾಳಿ ಸೋರ್ತಿತ್ತು, ಅದಕ್ಕೇ ಆ ಕೂಗು. ಪಕ್ಕದಲ್ಲೊಂದು ಮೋಟು ಬೀಡಿ, ಒಂದು ಎಳೆ ಕಪ್ಪು ಕೂದಲು. ಭೀಮನ ಮೀಸೆಯದೇ ಇರಬೇಕು. ಸಿಪ್ಪೆ ತೆಗೆದರೆ ಕೂಗು ನಿಲ್ಲುತ್ತೆ ಬಿಡಿ, ಆದರೆ ತಿದಿಯಲ್ಲಿ ಇಲಿ ಕಡಿದ ತೂತಿದೆಯಲ್ಲ, ಅದು ಯಾರ ಲೆಕ್ಕಕ್ಕೆ? ಗುಂಡ್ಲುಪೇಟೆ ಕೋರ್ಟಿಗೆ ಓಡಾಡಿ ಪಳಗಿದ ನಮ್ಮ ಭಾವ 1872ರ ಕರಾರು ಕಾಯಿದೆ ತೆಗೆದರು. ವಿವೇಕ ಇರೋನು ತನ್ನ ಸಾಮಾನನ್ನ ನೋಡ್ಕೊಳ್ಳೋವಷ್ಟು ಜೋಪಾನ ಮಾಡಿದ್ದರೆ ಸಾಕಂತೆ, ಬೇರೆ ಕರಾರಿಲ್ಲದೆ ಹೋದರೆ ನಷ್ಟ ಕಟ್ಟಬೇಕಾಗಿಲ್ಲವಂತೆ. ಪ್ರಾಕ್ಟೀಸಿನ ರಾತ್ರಿ ಅಷ್ಟು ವಿವೇಕ ಯಾರಿಗಿರುತ್ತೆ ಹೇಳಿ!

ಪಾಪ, ಹಾರ್ಮೋನಿಯಂ ಹಣೆಬರಹವೇ ಅಷ್ಟು. 1940ರಿಂದ 1971ರವರೆಗೆ ಆಕಾಶವಾಣಿಯೇ ಅದನ್ನ ಒಳಕ್ಕೆ ಬಿಟ್ಟುಕೊಂಡಿರಲಿಲ್ಲ.

ನಾನು ಚಿಕ್ಕವನಿದ್ದಾಗ ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರೊಬ್ಬರು ನಮ್ಮ ಜಗಲಿಯಲ್ಲಿ ಮಲಗೋರು, ತಂಬೂರಿ ತಲೆದೆಸೆಗೆ. ‘ನಾಲ್ಕಾಣೆ ಕೊಡ್ತೀನಿ, ಒಂದು ಗಳಿಗೆ ಕೊಡಿ’ ಅಂದೆ. ನಕ್ಕರು. ‘ಕಾಸು ಮಡಿಕ್ಕೊ ಮಗ. ಕೇಳು, ನುಡಿಸ್ತೀನಿ. ಕೈಗೆ ಮಾತ್ರ ಕೊಡಾಕಿಲ್ಲ.’ ಆ ಬುದ್ಧಿ ನಮ್ಮ ಭಜನೆ ಮನೆಯವರಿಗೆ ಇದ್ದಿದ್ದರೆ...

ಹೋಗಲಿ, ಅಡ್ವಾನ್ಸು ಹಿಡಿದದ್ದಾಯ್ತು. ರಿಪೇರಿಗೆ ಮೈಸೂರಿಗೆ ಒಯ್ಯಬೇಕು, ಬಸ್ಸಲ್ಲಿ ತೊಡೆ ಮೇಲಿಟ್ಟುಕೊಂಡರೂ ಕಂಡಕ್ಟರ್ ಲಗೇಜು ಹರೀತಾನೋ ಏನೋ. ಇನ್ನು ಮೇಲೆ ಕೊಡುವಾಗಲೂ ತಗೊಳ್ಳುವಾಗಲೂ ಇಬ್ಬರ ಎದುರಿಗೇ ಒಂದು ಸಲ ನುಡಿಸಿ ನೋಡೋದು ಅಂತ ಮಾಡಿದೀವಿ.

ಅಂದ ಹಾಗೆ ಅಕ್ಕಾ, ಹಾರ್ಮೋನಿಯಂ ಜೊತೆ ಹೋಗಿದ್ದ ತಾಳ ಒಂದೇ ಬಂದಿದೆ. ಇನ್ನೊಂದು ನಿಮ್ಮ ಹುಡುಗರ ಆಟದ ಸಾಮಾನಿನಲ್ಲೇನಾದರೂ ಇದೆಯಾ, ಸ್ವಲ್ಪ ನೋಡಿ. ಶನಿವಾರ ಭಜನೆ ಇದೆ.