ಶನಿವಾರದ ರೈತರೂ ನಾನೂ

2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಮಾಯವಾದ ಮೇಲೆ ಕರ್ನಾಟಕದಲ್ಲಿ ಯಾರು ಬೇಕಾದರೂ ಹೊಲ ಕೊಳ್ಳಬಹುದು. ದುಡ್ಡಿದ್ದರೆ ಸಾಕು, ಮಳೆಯ ಹಂಗಿಲ್ಲ. ನಂದಿ ಬೆಟ್ಟದ ಸುತ್ತ ಹೀಗೆ ರೈತರಾದವರ ತೋಟಗಳಲ್ಲಿ ಮುಖ್ಯ ಬೆಳೆ ಲಾನ್. ಅದರ ಕಟಾವಿಗೆ ಮಿನಿ ಟ್ರ್ಯಾಕ್ಟರ್ ಕೇಳಿಕೊಂಡು ಬರುವವರ ಕತೆ ತಿಳಿಯೋಣವೆಂದು, ಚಿಕ್ಕಬಳ್ಳಾಪುರದ ಹೆದ್ದಾರಿ ಬದಿಯ ಮಳಿಗೆಯೊಂದರ ಅಂಗಳದಲ್ಲಿ, ಚಕ್ರದಡಿಯ ನಿಂಬೆಹಣ್ಣಿಗಾಗಿ ಕಾಯುತ್ತ ನಿಂತಿದ್ದ ಅಂಥ ಟ್ರ್ಯಾಕ್ಟರ್ ಒಂದನ್ನು ಮಾತಿಗೆಳೆದೆ. ತನ್ನ ಕಂಪನಿಯ ಹೆಸರು ಹಾಕಬಾರದು ಎಂಬುದು ಅದರ ಏಕೈಕ ಷರತ್ತು.

ನಿಮ್ಮ ಪರಿಚಯ?

18 ಕುದುರೆ ಶಕ್ತಿ. ಕುದುರೆ ಅಂದಾಕ್ಷಣ ಹಿಗ್ಗಬೇಡಿ, ಹಳ್ಳಿಯಲ್ಲಿ ನನ್ನನ್ನು ‘ಮರಿ’ ಅಂತಾರೆ. ಪವರ್ ಟಿಲ್ಲರ್ ನಮ್ಮ ವಂಶದ ಹಿರಿಯಣ್ಣ. 1967ರಲ್ಲಿ ವಿಎಸ್‌ಟಿ ಕಂಪನಿಯವರು ಜಪಾನಿನ ಮಿತ್ಸುಬಿಷಿ ಜೊತೆ ಕೈಜೋಡಿಸಿದರಲ್ಲ, ಆ ನಂಟಿನಿಂದ ಬೆಂಗಳೂರಿಗೆ ಬಂದವನು. ಅವನ ಹಿಂದೆ ರೈತ ನಡೆಯಬೇಕಿತ್ತು, ನನ್ನ ಮೇಲೆ ಕೂರುತ್ತಾನೆ. ಪ್ರಗತಿ ಅಂದರೆ ಇಷ್ಟೇ.

ಗಿರಾಕಿಗಳು ಮೊದಲು ಏನು ಕೇಳುತ್ತಾರೆ?

ಬಣ್ಣ. ‘ಲಾನ್‌ಗೆ ಮ್ಯಾಚ್ ಆಗತ್ತಾ?’ ಆಮೇಲೆ ಬ್ಲೂಟೂತ್. ಮೂರನೆಯದಾಗಿ ಸೀಟಿನ ಮೇಲೆ ಕೂತು ಫೋಟೊ. ಹೆಂಡತಿ ಒಂದು, ಮಗು ಒಂದು, ಗ್ರೂಪಿಗೆ ಒಂದು. ಎಂಜಿನ್ ಕಡೆ ನೋಡಿದವನು ಡ್ರೈವರ್ ಮಾತ್ರ. ಅವನ ಊರು ಗೌರಿಬಿದನೂರು.

ನಿಜಕ್ಕೂ ಕೇಳಬೇಕಾದ್ದೇನು?

ಎಷ್ಟು ಗುಂಟೆ ಹುಲ್ಲು, ಅದನ್ನು ಮೊದಲು ಹೇಳಿ. ಐದು ಎಕರೆ ತೋಟ ಅಂತಾರೆ. ಮನೆ, ಈಜುಕೊಳ, ಬಂಡೆ, ಮಾವು, ಪಾರ್ಟಿ ಜಾಗ ಎಲ್ಲ ಕಳೆದರೆ ಮೂವತ್ತು ಗುಂಟೆ ಉಳಿಯುತ್ತದೆ. ಅದಕ್ಕೆ ಕೈಯಲ್ಲಿ ತಳ್ಳುವ ಯಂತ್ರ ಸಾಕು, ನನ್ನನ್ನು ಬಿಟ್ಟುಬಿಡಿ. ನಿಜವಾಗಲೂ ನಾಲ್ಕೈದು ಎಕರೆ ಹುಲ್ಲಿದ್ದರೆ ಕೂತು ಲೆಕ್ಕ ಹಾಕೋಣ. ಹುಲ್ಲು ಕತ್ತರಿಸಲು ಹಿಂದೆ ಕಟ್ಟುವ ಸ್ಲ್ಯಾಶರು ಅಗಲದ ಒಂದೊಂದು ಅಡಿಗೂ ಸುಮಾರು ಐದು ಕುದುರೆ ಶಕ್ತಿ ಬೇಡುತ್ತದೆ. ನಾಲ್ಕು ಅಡಿಯದಕ್ಕೆ ಇಪ್ಪತ್ತಾಯಿತು, ಅಂದರೆ ನಾನು ಉಸಿರು ಬಿಗಿಹಿಡಿದು ಎಳೆಯಬೇಕು. ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ಹೋದರೆ, ತಿರುವು ಗಿರುವು ಸೇರಿ, ಗಂಟೆಗೊಂದು ಎಕರೆ. ಆರಡಿ ಬ್ಲೇಡು ಬೇಕೆಂದರೆ ನನ್ನ ಇನ್ನೊಬ್ಬ ಅಣ್ಣ, 30 ಕುದುರೆಯವನನ್ನು ಕೊಳ್ಳಿ. ಆದರೆ ಅವನು ನಿಮ್ಮ ಗೇಟಿನಲ್ಲಿ ಹಿಡಿಸುತ್ತಾನೋ? ಶೆಡ್ಡಿನಲ್ಲಿ? ಗೇಟು ಅಳೆಯದೆ ಟ್ರ್ಯಾಕ್ಟರ್ ಕೊಂಡು ಕಾಂಪೌಂಡು ಒಡೆಸಿದವರಿದ್ದಾರೆ.

ಇನ್ನೊಂದು ಮಾತು. ಸ್ಲ್ಯಾಶರ್ ಹುಲ್ಲನ್ನು ಕತ್ತರಿಸುತ್ತದೆ, ಬಾಚಿ ಅಂದ ಮಾಡುವುದಿಲ್ಲ. ಕ್ರಿಕೆಟ್ ಮೈದಾನದಂತೆ ಕಾಣಬೇಕಾದರೆ ಬೇರೆಯೇ ಮೊವರ್ ಬೇಕು. ಟೈರೂ ಹಾಗೇ: ಉಳುಮೆಯ ಹಲ್ಲಿನ ಟೈರು ಒದ್ದೆ ಲಾನನ್ನು ಉತ್ತುಹಾಕುತ್ತದೆ, ನುಣುಪು ಟೈರು ಕೆಸರಲ್ಲಿ ಜಾರುತ್ತದೆ. ಎರಡೂ ಸೆಟ್ ಕೊಳ್ಳಿ ಅಂದರೆ ಸೇಲ್ಸ್‌ನವನು ನನ್ನ ಬಾಯಿ ಮುಚ್ಚಿಸುತ್ತಾನೆ.

ಬೆಟ್ಟದ ತಪ್ಪಲಿನ ಇಳಿಜಾರು?

ಅಲ್ಲಿ ನಗು ಬಿಟ್ಟು ಮಾತಾಡೋಣ. ಇಳಿಜಾರಿಗೆ ಅಡ್ಡಡ್ಡ ಓಡಿಸಿದರೆ ನಾನು ಮಗುಚುತ್ತೇನೆ. ಮೇಲಕ್ಕೂ ಕೆಳಕ್ಕೂ ನೇರ ಓಡಿಸಬೇಕು. ಉರುಳಿದಾಗ ಕಾಯುವ ಕಬ್ಬಿಣದ ಕಮಾನು ಎತ್ತಿರಬೇಕು, ಬೆಲ್ಟು ಬಿಗಿದಿರಬೇಕು. ಬೆಲ್ಟಿಲ್ಲದೆ ಕಮಾನಿದ್ದರೆ ಬರಿ ಅಲಂಕಾರ. ಹುಲ್ಲಿನಡಿ ಅಡಗಿದ ಕಲ್ಲಿಗೆ ಬ್ಲೇಡು ತಾಗಿದರೆ ಕಲ್ಲು ಗುಂಡಿನಂತೆ ಹಾರುತ್ತದೆ. ನಮ್ಮ ಸೀಮೆಯಲ್ಲಿ ಕಲ್ಲಿಗೇನೂ ಬರವಿಲ್ಲ ಬಿಡಿ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕೂರಿಸಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಸವರಿ. ಬೀಜವಾದ ಮೇಲೆ ಸವರಿದರೆ ಪಕ್ಕದವನ ಹೊಲಕ್ಕೂ ಬಿತ್ತನೆ ಮಾಡಿಕೊಟ್ಟಂತೆ.

ಲಾನ್‌ಗೆ ನೀರು ಎಲ್ಲಿಂದ?

ಇದನ್ನೇ ಕೇಳುತ್ತೀರಿ ಅಂತ ಗೊತ್ತಿತ್ತು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಜಿಲ್ಲೆ ಇದು. ನದಿಗಳು ಹುಟ್ಟುತ್ತವೆ, ಹುಟ್ಟಿ ಹೊರಟುಹೋಗುತ್ತವೆ. ಕೊಳವೆ ಬಾವಿ ಸಾವಿರ ಅಡಿ ದಾಟಿದರೂ ಧೂಳು ಬರುವ ಊರುಗಳಿವೆ. ಅದಕ್ಕೇ ಸರ್ಕಾರ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಮಾಡಿ, ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ, ದಿನಕ್ಕೆ 21 ಕೋಟಿ ಲೀಟರ್ ಲೆಕ್ಕದಲ್ಲಿ ಕೆರೆಗಳಿಗೆ ತುಂಬಿಸುವ ಏರ್ಪಾಡು ಮಾಡಿತು. ಕೆರೆ ತುಂಬಿದರೆ ಅಂತರ್ಜಲ ಏರುತ್ತದೆ ಎಂಬುದು ಲೆಕ್ಕ. ಸರಿ, ಏರಿತು ಅನ್ನಿ. ಹೆಬ್ಬಾಳದ ಯಜಮಾನರು ಸೋಮವಾರ ಸ್ನಾನ ಮಾಡಿ ಬಿಟ್ಟ ನೀರು ಶನಿವಾರ ಅವರಿಗಿಂತ ಮೊದಲೇ ಇಲ್ಲಿಗೆ ಬಂದು, ನೆಲಕ್ಕಿಳಿದು, ಅವರದೇ ಪಂಪಿನಿಂದ ಮೇಲೆದ್ದು, ಅವರದೇ ಹುಲ್ಲಿಗೆ ಬೀಳುತ್ತದೆ. ಋಣಾನುಬಂಧ! ಬೆಳೆದ ಹುಲ್ಲನ್ನು ಡೀಸೆಲ್ ಸುಟ್ಟು ನಾನು ಕತ್ತರಿಸಬೇಕು, ಕತ್ತರಿಸಿದ್ದನ್ನು ಗುಡ್ಡೆ ಹಾಕಿ ಬೆಂಕಿ ಇಡಬೇಕು.

ದನಕ್ಕೆ ಹಾಕಬಹುದಲ್ಲ?

ಹಾಲು ಮತ್ತು ರೇಷ್ಮೆಗೆ ಹೆಸರಾದ ಸೀಮೆ! ಬೇಲಿಯಾಚೆ ಹೆಂಗಸೊಬ್ಬಳು ಡೇರಿಗೆ ಹಾಲು ಹಾಕಿ, ಎರಡು ಸೀಮೆ ಹಸುವಿಗೆ ಮೇವು ಹುಡುಕುತ್ತಿರುತ್ತಾಳೆ. ಬೇಲಿಯೊಳಗೆ ಸೆಕ್ಯುರಿಟಿ. ‘ಒಳಗೆ ಬಿಟ್ಟರೆ ಲಾನ್ ತುಳಿಯುತ್ತಾರೆ ಸಾರ್.’ ಅದಲ್ಲದೆ ಲಾನ್‌ಗೆ ಔಷಧಿ ಹೊಡೆದಿರುತ್ತಾರೆ, ಆ ಹುಲ್ಲನ್ನು ಹಸುವಿಗೆ ಹಾಕುವ ಹಾಗೂ ಇಲ್ಲ. ನನ್ನ ಅಸಲಿ ಪ್ರತಿಸ್ಪರ್ಧಿ ಕುರಿಮಂದೆ. ಮೇಯ್ದ ಮೇಲೆ ರಾತ್ರಿ ಅಲ್ಲೇ ತಂಗಿಸಿದರೆ ಗೊಬ್ಬರವೂ ಆಯಿತು. ಮೊದಲು ಹೊಲದವರು ಕುರಿಯವರಿಗೆ ದುಡ್ಡು, ದವಸ ಕೊಟ್ಟು ಮಂದೆ ನಿಲ್ಲಿಸುತ್ತಿದ್ದರು. ಈಗ ಮಂದೆ ಕಂಡರೆ ಸಿಸಿ ಕ್ಯಾಮೆರಾ ಕೂಗುತ್ತದೆ.

ನಿಮಗಿಷ್ಟವಾದ ಕೆಲಸ?

ಶಿಡ್ಲಘಟ್ಟದ ಹಿಪ್ಪುನೇರಳೆ ತೋಟ. ಕಂಡಿದ್ದೀರಾ? ಜೋಡಿಸಾಲು ಪದ್ಧತಿಯಲ್ಲಿ ಎರಡು ಸಾಲು ಮೂರಡಿ ಅಂತರದಲ್ಲಿ, ಮುಂದಿನ ಜೋಡಿಗೆ ಐದಡಿ ಜಾಗ. ಆ ಐದಡಿ ನನಗೋಸ್ಕರವೇ ಬಿಟ್ಟದ್ದು, ದೊಡ್ಡ ಟ್ರ್ಯಾಕ್ಟರಿಗೆ ಅಲ್ಲಿ ಪ್ರವೇಶವಿಲ್ಲ. ರೋಟವೇಟರ್ ಕಟ್ಟಿಕೊಂಡು ಹೋದೆನೆಂದರೆ ಕಳೆ ಮಣ್ಣಾಗುತ್ತದೆ, ಸೊಪ್ಪು ಹುಳಕ್ಕೆ, ಹುಳ ಗೂಡಿಗೆ, ಗೂಡು ಮಾರುಕಟ್ಟೆಗೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರದಡಿಯೂ ಆದೀತು, ಕಮಾನು ಮಡಚಿ ತಲೆ ಬಗ್ಗಿಸಿದರೆ ಆಯಿತು. ಚಿಂತಾಮಣಿ ಕಡೆ ಟೊಮೆಟೊ ಹೊಲದಲ್ಲಿ ‘ರಾ ನಾಯನಾ’ ಅಂತ ತೆಲುಗಲ್ಲಿ ಕರೆಯುತ್ತಾರೆ. ಕರೆದರೆ ಯಾವ ಭಾಷೆಯಾದರೇನು, ಕೆಲಸ ಇದೆಯಲ್ಲ!

ಸಬ್ಸಿಡಿ?

ಪಹಣಿ ಇದ್ದವನು ರೈತ. ಶನಿವಾರದ ರೈತರಿಗೂ ಪಹಣಿ ಇದೆ. ಮುಂದಿನ ಪ್ರಶ್ನೆ.

ಕೊಳ್ಳದೆ ಬಾಡಿಗೆಗೆ ತರಬಹುದಲ್ಲ?

ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿರುವುದೇ ಅದಕ್ಕೆ. ತಿಂಗಳಿಗೊಮ್ಮೆ ನಾಲ್ಕು ಗಂಟೆ ಓಡಿಸುವವರು ಬಾಡಿಗೆಗೇ ತರಬೇಕು. ಆದರೆ ಬಾಡಿಗೆ ಟ್ರ್ಯಾಕ್ಟರ್ ಮೇಲೆ ಗೃಹಪ್ರವೇಶದ ಫೋಟೊ ಹೇಗೆ ತೆಗೆಸುವುದು?

ಹಾಗಾದರೆ ಇವರ ಪಾಲಾಗಲು ನಿಮಗೆ ಬೇಸರವೇ?

ಏನಿಲ್ಲ, ದೂರದ ಲೆಕ್ಕ ಹಾಕಿದ್ದೇನೆ. ಮೊದಲ ವರ್ಷ ಯಜಮಾನರು ತಾವೇ ಓಡಿಸುತ್ತಾರೆ, ಹ್ಯಾಟು ಹಾಕಿಕೊಂಡು. ಎರಡನೆಯ ವರ್ಷ ಮಾಲಿ. ಮೂರನೆಯ ವರ್ಷ ಬೋರು ನಿಲ್ಲುತ್ತದೆ, ಲಾನ್ ಒಣಗುತ್ತದೆ, ನಾನು ಟಾರ್ಪಾಲಿನಡಿ ಇಲಿಗಳಿಗೆ ವೈರು ಕಚ್ಚಲು ಕೊಟ್ಟು ಕೂರುತ್ತೇನೆ. ನಾಲ್ಕನೆಯ ವರ್ಷ ಮಾರಾಟಕ್ಕಿಡುತ್ತಾರೆ: ಗಂಟೆ ಮೀಟರಿನಲ್ಲಿ ಇನ್ನೂರೂ ದಾಟಿಲ್ಲ, ಒಬ್ಬರೇ ಮಾಲೀಕರು, ಬಣ್ಣ ಹೊಸದರಂತಿದೆ. ಶಿಡ್ಲಘಟ್ಟದವನೊಬ್ಬ ಬಂದು ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು ನೋಡಿ, ಅರ್ಧ ರೇಟಿಗೆ ಕೇಳುತ್ತಾನೆ. ಯಜಮಾನರು ಚೌಕಾಸಿ ಮಾಡದ ಹಾಗೆ ನೋಡಿಕೊಳ್ಳುವುದಕ್ಕೆ ಈಗಿನಿಂದಲೇ ಒಂದು ಉಪಾಯ ಬೇಕು. ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗದೆ ಸತಾಯಿಸೋಣ ಅಂದುಕೊಂಡಿದ್ದೇನೆ. ನಿಮ್ಮ ಅಭಿಪ್ರಾಯ?