ಇದ್ದಲ್ಲೇ ಇದ್ದವರಿಗೆ ಶೇಕಡ ಹತ್ತು

ಕರ್ನಾಟಕದ ಸನ್ಮಾನ್ಯ ಹಣಕಾಸು ಸಚಿವರಿಗೆ,

ಬಜೆಟ್ ಹತ್ತಿರ ಬಂತೆಂದರೆ ಬೇಡುವವರ ಸಾಲು ತಮ್ಮ ಬಾಗಿಲಲ್ಲಿ ನೆರೆಯುತ್ತದೆ. ನಾನು ಹೊಗಳಲು ಬಂದವನು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಲೆಕ್ಕದೊಳಗೆ ಇಡೀ ಒಂದು ಅರ್ಥಶಾಸ್ತ್ರವೇ ಇದೆ. ಅದನ್ನು ಬರೀ ಕರೆಂಟಿಗೆ ಸೀಮಿತ ಮಾಡಿದ್ದೀರಲ್ಲ, ಅದೊಂದೇ ನನ್ನ ತಕರಾರು.

ಒಂದೇ ಬೀದಿಯ ಎರಡು ಮನೆ ತೆಗೆದುಕೊಳ್ಳಿ. ಒಂದರಲ್ಲಿ ಅಜ್ಜಿಯ ಕಾವಲು. ಕೋಣೆಯಿಂದ ಯಾರಾದರೂ ಎದ್ದು ಹೋದರೆ ಫ್ಯಾನ್ ಆರಲೇಬೇಕು. 2022–23ರಲ್ಲಿ ಅವರ ತಿಂಗಳ ಸರಾಸರಿ 60 ಯೂನಿಟ್. ಎದುರು ಮನೆಯದು 180. ಅಲ್ಲಿ ಗೀಸರಿನ ಕೆಂಪು ದೀಪ ಆರಿದ್ದನ್ನು ಕಂಡವರಿಲ್ಲ. ಸರಾಸರಿಗೆ ಶೇ 10 ಸೇರಿಸಿ ತಾವು ಅಜ್ಜಿಗೆ ಉಚಿತವಾಗಿ ದಯಪಾಲಿಸಿದ್ದು 66 ಯೂನಿಟ್, ಗೀಸರಿನವರಿಗೆ 198. ಬೇಸಿಗೆಯಲ್ಲಿ ಅಜ್ಜಿ 70 ಉರಿಸಿದರೆ ಮೇಲಿನ ನಾಲ್ಕಕ್ಕೆ ದುಡ್ಡು ಎಣಿಸಬೇಕು. ಎದುರಿನವರಿಗೆ 198ರವರೆಗೂ ಸೊನ್ನೆ ಬಿಲ್ಲು. ಮಿತವ್ಯಯವೆಂಬ ದುಶ್ಚಟ ಬಿಡಿಸಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಯುವನಿಧಿಯೂ ಇದೇ ಗರಡಿಯಲ್ಲಿ ಪಳಗಿದ್ದು. ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ ಎಂದು ಸ್ವಯಂ ಘೋಷಣೆ ಕೊಟ್ಟರಾಯಿತು. ಬಿ.ಎಸ್ಸಿ. ಹುಡುಗ ಸೈಬರ್ ಸೆಂಟರಿನಲ್ಲಿ ಕೂತು, ಒಟಿಪಿ ಬರುವವರೆಗೆ ಉಗುರು ಕಚ್ಚುತ್ತಾ, ತಾನು ಏನನ್ನೂ ಮಾಡುತ್ತಿಲ್ಲವೆಂದು ಸರ್ಕಾರಕ್ಕೆ ಪ್ರಮಾಣ ಮಾಡುತ್ತಾನೆ. ಎಂ.ಎಸ್ಸಿ.ಗೆ ಸೇರಿದನೋ, ಹಣ ಬಂದ್! ಅವನಿಗೆ ಪಾಠ ಹೇಳಿದ ಅತಿಥಿ ಶಿಕ್ಷಕರಿಗೆ 2025ರ ಬಜೆಟ್ಟಿನಲ್ಲಿ ಗೌರವಧನ 2,000 ರೂಪಾಯಿ ಏರಿಸಿದಿರಿ. ಖಾಯಂ ಮಾತ್ರ ಮಾಡಲಿಲ್ಲ, ಜಾಣತನ.

ಪಾವಗಡದ ಸೋಲಾರ್ ಪಾರ್ಕ್ ಇನ್ನೂ ಸೊಗಸು. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಭೂಹೀನರ ಪಾಲು ಸೊನ್ನೆ. ಸೊನ್ನೆಗೂ ಶೇ 5 ಏರಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಎಲ್ಲದರ ಸೂತ್ರ ಒಂದೇ ಆದ್ದರಿಂದ ಇಲಾಖೆಗೊಂದು ಯೋಜನೆ ಯಾಕೆ? ಎಲ್ಲವನ್ನೂ ಸೇರಿಸಿ ‘ಇದ್ದಲ್ಲೇ ಇರಿ’ ಎಂದು ಒಂದೇ ಯೋಜನೆ ಮಾಡಿಬಿಡಿ. ಕೆಲವು ಕಿಡಿಗೇಡಿಗಳು ತಮ್ಮ ಕಿವಿ ಊದಬಹುದು: ಸರ್ಕಾರಿ ಶಾಲೆಗಳ ಚಾವಣಿಗೆ ಸೌರಫಲಕ ಹಾಕಿ, ಅದರ ಉಸ್ತುವಾರಿಗೆ ಡಿಪ್ಲೊಮಾ ಹುಡುಗರನ್ನು ಸಂಬಳಕ್ಕೆ ತಗೊಳ್ಳಿ, ಖಾಲಿ ಹುದ್ದೆಗೆ ಖಾಯಂ ಮೇಷ್ಟ್ರನ್ನು ಹಾಕಿ, ಕರೆಂಟು ಉಳಿಸಿದ ಅಜ್ಜಿಗೇ ಇನಾಮು ಕೊಡಿ ಎಂದು. ದಮ್ಮಯ್ಯ, ಕೇಳಬೇಡಿ. ಸಂಬಳ ಬಂದ ಹುಡುಗ ಸ್ವಯಂ ಘೋಷಣೆ ಬರೆಯುವುದಿಲ್ಲ. ಆಮೇಲೆ ಫಲಾನುಭವಿಗಳ ಸಮಾವೇಶಕ್ಕೆ ಬಸ್ಸಿನಲ್ಲಿ ಯಾರನ್ನು ತುಂಬಿಸಿಕೊಂಡು ಬರುತ್ತೀರಿ?

ಇತಿ ತಮ್ಮ ವಿಧೇಯ,
ಕರೆಂಟು ಬಿಲ್ಲಿನ ಒಂದು ಆರ್‌.ಆರ್. ನಂಬರು